ತಕರಾರು ಬಂದರೆ ನಷ್ಟ ಯಾರಿಗೆ? ಬೀದರ್, ಕಲಬುರಗಿಯ ಸಣ್ಣ ಆನ್‌ಲೈನ್ ಅಂಗಡಿಗಳಿಗೆ ಪಾವತಿ ವಿಧಾನಗಳ ಹೋಲಿಕೆ

ಆನ್‌ಲೈನ್ ಅಂಗಡಿ ತೆರೆಯಲು ಹೊರಟವರು ನಮ್ಮ ಭಾಗದಲ್ಲಿ ಮೊದಲು ವಿಚಾರಿಸುವುದು ಯಾವ ಗೇಟ್‌ವೇ (ಗ್ರಾಹಕರ ಆನ್‌ಲೈನ್ ಪಾವತಿಯನ್ನು ಪಡೆದು ಅಂಗಡಿಯ ಖಾತೆಗೆ ತಲುಪಿಸುವ ಸಂಸ್ಥೆ) ಎಷ್ಟು ಕಮಿಷನ್ ಹಿಡಿಯುತ್ತದೆ ಎಂಬುದನ್ನು. ಕಮಿಷನ್ನಿನ ಲೆಕ್ಕ ಬೇಕೇ ಬೇಕು. ಆದರೆ ಶೇಕಡಾ ಒಂದರ ವ್ಯತ್ಯಾಸದಿಂದ ತಿಂಗಳುಗಟ್ಟಲೆ ಉಳಿಸಿದ್ದನ್ನು ಕದ್ದ ಕಾರ್ಡಿನಿಂದ ಬಂದ ಒಂದೇ ಆರ್ಡರ್ ನುಂಗಿಹಾಕಬಲ್ಲದು. ಆದ್ದರಿಂದ ಇಲ್ಲಿ ಪ್ರತಿಯೊಂದು ಪಾವತಿ ವಿಧಾನವನ್ನೂ ಬೇರೊಂದು ಪ್ರಶ್ನೆಯಿಂದ ಅಳೆದಿದ್ದೇನೆ: ಹಣದ ಬಗ್ಗೆ ತಕರಾರು ಎದ್ದರೆ ನಷ್ಟ ಯಾರ ಮೇಲೆ ಬೀಳುತ್ತದೆ, ಮತ್ತು ಅಂಗಡಿಯವರ ಕೈಯಲ್ಲಿ ಆಗ ಯಾವ ಪುರಾವೆ ಇರುತ್ತದೆ?

ಚಾರ್ಜ್‌ಬ್ಯಾಕ್ ಎಂದರೆ ಕಾರ್ಡ್‌ದಾರರು ಅಂಗಡಿಯನ್ನು ಬಿಟ್ಟು ನೇರವಾಗಿ ತಮ್ಮ ಬ್ಯಾಂಕಿಗೆ ದೂರು ಕೊಟ್ಟು, ಬ್ಯಾಂಕು ಆ ಹಣವನ್ನು ಅಂಗಡಿಯ ಖಾತೆಯಿಂದ ಹಿಂದಕ್ಕೆ ಎಳೆಯುವ ವ್ಯವಸ್ಥೆ. ಕಾರ್ಡ್ ಕಳುವಾದವರಿಗೆ ಅದು ನ್ಯಾಯವಾದ ರಕ್ಷಣೆ, ಅದು ಇರಲೇಬೇಕು. ಆದರೆ ಮಾಲು ಕಳಿಸಿಬಿಟ್ಟ ಅಂಗಡಿಗೆ ಅದರಿಂದ ಆಗುವ ಪೆಟ್ಟು ಎಷ್ಟು ದೊಡ್ಡದು ಎಂಬುದನ್ನು ಹೆಚ್ಚಿನವರು ಲೆಕ್ಕ ಹಾಕಿರುವುದಿಲ್ಲ. ಉದಾಹರಣೆಗೆ ₹8,000 ಬೆಲೆಯ ಒಂದು ಬಿದರಿ ಹೂದಾನಿಯನ್ನು ತೆಗೆದುಕೊಳ್ಳೋಣ. ಕುಶಲಕರ್ಮಿಗೆ ಕೊಟ್ಟದ್ದು ₹6,000, ಪ್ಯಾಕಿಂಗ್, ಕೊರಿಯರ್ ಮತ್ತು ಗೇಟ್‌ವೇ ಶುಲ್ಕ ಸೇರಿ ₹600, ಉಳಿಯುವ ಲಾಭ ₹1,400. ಆ ಹಣ ಚಾರ್ಜ್‌ಬ್ಯಾಕ್ ಆದರೆ ₹6,600 ಕೈಬಿಟ್ಟು ಹೋಗುತ್ತದೆ. ಗೇಟ್‌ವೇ ತಕರಾರಿಗೆಂದು ಪ್ರತ್ಯೇಕ ಶುಲ್ಕ ಹಾಕಿದರೆ ಅದೂ ಸೇರುತ್ತದೆ. ಅಂದರೆ ಒಂದು ಮೋಸವನ್ನು ತುಂಬಿಕೊಳ್ಳಲು ಅಂಥವೇ ಐದು ಪ್ರಾಮಾಣಿಕ ಆರ್ಡರ್‌ಗಳು ಬೇಕು.

ನೀವು ಮಾರುವುದು ಏನು ಎಂಬುದರ ಮೇಲೆ ಅಪಾಯದ ಸ್ವರೂಪವೇ ಬದಲಾಗುತ್ತದೆ. ಬಿದರಿ ಸಾಮಾನು ಗಾತ್ರದಲ್ಲಿ ಸಣ್ಣದು, ಬೆಲೆಯಲ್ಲಿ ದೊಡ್ಡದು, ಎಲ್ಲಿ ಬೇಕಾದರೂ ಮತ್ತೆ ಮಾರಬಹುದಾದದ್ದು. ಆದ್ದರಿಂದ ಕದ್ದ ಕಾರ್ಡ್ ಹಿಡಿದವರ ಕಣ್ಣು ಅದರ ಮೇಲೆ ಬೀಳುತ್ತದೆ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ದೊರೆತಿದ್ದು ಅದಕ್ಕೆ ದೂರದ ಊರುಗಳಲ್ಲಿಯೂ ಗಿರಾಕಿಗಳಿದ್ದಾರೆ. ಆದರೆ ಕದ್ದ ಕಾರ್ಡಿನಿಂದ ಐದು ಕಿಲೋ ಬೇಳೆ ತರಿಸಿಕೊಳ್ಳುವವರು ಅಪರೂಪ. ಅಲ್ಲಿನ ನಷ್ಟ ಪಾರ್ಸೆಲ್ ವಾಪಸ್ ಬರುವುದರಿಂದ ಮತ್ತು ‘ಹುಳು ಬಿದ್ದಿದೆ’, ‘ತೂಕ ಕಡಿಮೆ ಇದೆ’ ಎಂಬ ದೂರುಗಳಿಂದ ಆಗುತ್ತದೆ. ಖಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿ ಕಳಿಸುವ ಮನೆ ಉದ್ಯಮಗಳಲ್ಲಿ ರೊಟ್ಟಿ ಮುರಿದು ತಲುಪಿತು ಎಂಬ ದೂರೇ ಹೆಚ್ಚು. ಈ ಮೂವರಿಗೂ ಒಂದೇ ಪಾವತಿ ವಿಧಾನವನ್ನು ಶಿಫಾರಸು ಮಾಡುವುದು ಸರಿಯಲ್ಲ.

ದೇಶದೊಳಗಿನ ಕಾರ್ಡ್‌ಗಳು

ಭಾರತದ ಬ್ಯಾಂಕುಗಳು ನೀಡಿದ ಕಾರ್ಡ್‌ಗಳ ಮಟ್ಟಿಗೆ ನಮ್ಮ ಅಂಗಡಿಗಳು ಅದೃಷ್ಟವಂತ ಸ್ಥಿತಿಯಲ್ಲಿವೆ. ಕಾರ್ಡ್ ಎದುರಿಗಿಲ್ಲದ ಪಾವತಿಗಳಿಗೆ ಎರಡನೆಯ ಹಂತದ ದೃಢೀಕರಣ ಕಡ್ಡಾಯ ಎಂಬ ರಿಸರ್ವ್ ಬ್ಯಾಂಕಿನ ಆದೇಶ 2009ರ ಆಗಸ್ಟ್ 1ರಿಂದ ಜಾರಿಯಲ್ಲಿದೆ. ನಾವು ದಿನನಿತ್ಯ ಕಾಣುವ ಒಟಿಪಿ ಬಂದದ್ದು ಆ ಹಾದಿಯಲ್ಲಿಯೇ. ಇದರ ಹಿಂದಿರುವ 3ಡಿ ಸೆಕ್ಯೂರ್ ವ್ಯವಸ್ಥೆಯಲ್ಲಿ ಪಾವತಿ ದೃಢೀಕರಣಗೊಂಡ ಮೇಲೆ ‘ಇದು ನಾನು ಮಾಡಿದ ಪಾವತಿಯಲ್ಲ’ ಎಂಬ ದೂರಿನ ಹೊಣೆ ಸಾಮಾನ್ಯವಾಗಿ ಅಂಗಡಿಯಿಂದ ಕಾರ್ಡ್ ನೀಡಿದ ಬ್ಯಾಂಕಿಗೆ ವರ್ಗವಾಗುತ್ತದೆ.

ಇಲ್ಲೊಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಒಟಿಪಿ ಬಿದ್ದರೆ ಚಾರ್ಜ್‌ಬ್ಯಾಕ್ ಬರುವುದೇ ಇಲ್ಲ ಎಂದು ಅನೇಕರು ನಂಬಿದ್ದಾರೆ. ಹೊಣೆ ವರ್ಗವಾಗುವುದು ಕಾರ್ಡ್ ದುರ್ಬಳಕೆಯ ದೂರಿಗೆ ಮಾತ್ರ. ಮಾಲು ತಲುಪಿಲ್ಲ, ಹೇಳಿದಂತಿಲ್ಲ, ಎರಡು ಸಲ ಹಣ ಕಡಿತವಾಗಿದೆ, ವಾಪಸ್ ಕೊಡುತ್ತೇವೆಂದವರು ಕೊಟ್ಟಿಲ್ಲ ಎಂಬ ದೂರುಗಳಿಗೆ ಅಂಗಡಿಯೇ ಉತ್ತರ ಕೊಡಬೇಕು. ವೀಸಾ ಮತ್ತು ಮಾಸ್ಟರ್‌ಕಾರ್ಡ್ ನಿಯಮಗಳಲ್ಲಿ ಹೆಚ್ಚಿನ ಬಗೆಯ ದೂರುಗಳಿಗೆ 120 ದಿನಗಳ ಅವಕಾಶವಿದೆ. ದೀಪಾವಳಿಗೆ ಕಳಿಸಿದ ಉಡುಗೊರೆಯ ಬಗ್ಗೆ ಶಿವರಾತ್ರಿಯ ಹೊತ್ತಿಗೆ ಪತ್ರ ಬಂದರೆ ಅಚ್ಚರಿಪಡಬೇಕಾಗಿಲ್ಲ.

ಕಾರ್ಡ್ ವಿವರ ಎಲ್ಲಿ ತುಂಬಿಸಬೇಕು ಎಂಬ ಆಯ್ಕೆಯಲ್ಲಿ ನನಗೆ ಯಾವ ಗೊಂದಲವೂ ಇಲ್ಲ. ಪಾವತಿಯ ಪುಟ ಗೇಟ್‌ವೇಯದ್ದೇ ಆಗಿರಲಿ. 2022ರ ಅಕ್ಟೋಬರ್ 1ರಿಂದ ಕಾರ್ಡ್ ನೀಡಿದ ಬ್ಯಾಂಕು ಮತ್ತು ಕಾರ್ಡ್ ನೆಟ್‌ವರ್ಕ್‌ಗಳನ್ನು ಬಿಟ್ಟು ಬೇರೆ ಯಾರೂ ಕಾರ್ಡ್ ಸಂಖ್ಯೆಯನ್ನು ಸಂಗ್ರಹಿಸಿಡುವಂತಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಕಾರ್ಡಿನ ಫೋಟೊ ಕಳಿಸುವ ಗ್ರಾಹಕರಿದ್ದಾರೆ, ಮುಗ್ಧವಾಗಿಯೇ ಕಳಿಸುತ್ತಾರೆ. ಅದನ್ನು ಕೂಡಲೇ ಅಳಿಸಿ ಪಾವತಿ ಲಿಂಕ್ ಕಳಿಸಬೇಕು. ಜಾಲತಾಣ ಮಾಡಿಸಿಕೊಳ್ಳಲು ಹಣವಿಲ್ಲದ ರೊಟ್ಟಿ ಅಂಗಡಿಗೂ ಗೇಟ್‌ವೇಯ ಪಾವತಿ ಲಿಂಕ್ ಸಾಕಾಗುತ್ತದೆ. ದೇಶದೊಳಗಿನ ಕಾರ್ಡ್‌ಗೆ ಶುಲ್ಕ ಸಾಮಾನ್ಯವಾಗಿ ಶೇ 2ರ ಆಸುಪಾಸಿನಲ್ಲಿದ್ದು, ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ ಸೇರುತ್ತದೆ.

ಯುಪಿಐ

2016ರಲ್ಲಿ ಆರಂಭವಾದ ಯುಪಿಐ ಇಂದು ಬೀದರ್‌ನ ಚೌಬಾರಾದ ಸುತ್ತಲಿನ ಚಹಾದಂಗಡಿಗಳಲ್ಲಿಯೂ ನಡೆಯುತ್ತದೆ. ಬ್ಯಾಂಕ್ ಖಾತೆಯಿಂದ ನೇರವಾಗಿ ಬರುವ ಯುಪಿಐ ಪಾವತಿಗೆ 2020ರ ಜನವರಿಯಿಂದ ವ್ಯಾಪಾರಿಗಳ ಮೇಲೆ ಎಂಡಿಆರ್, ಅಂದರೆ ಪಾವತಿ ಸ್ವೀಕರಿಸಿದ್ದಕ್ಕೆ ಬ್ಯಾಂಕುಗಳು ಹಿಡಿಯುವ ಶುಲ್ಕ, ಇಲ್ಲ. ಪಿನ್ ಹಾಕಿಯೇ ಹಣ ಹೋಗುವುದರಿಂದ ‘ನಾನು ಮಾಡಿದ್ದಲ್ಲ’ ಎಂಬ ದೂರು ಅಂಗಡಿಯ ಹೆಗಲಿಗೆ ಬರುವುದು ಕಡಿಮೆ. ಯುಪಿಐಯಲ್ಲಿಯೂ ಚಾರ್ಜ್‌ಬ್ಯಾಕ್ ಇದೆ, ಆದರೆ ಅದು ಬಹುಪಾಲು ಮಾಲು ತಲುಪದ ಅಥವಾ ಹಣ ಕಡಿತವಾಗಿ ಆರ್ಡರ್ ದಾಖಲಾಗದ ಪ್ರಸಂಗಗಳದ್ದು.

ಹಾಗೆಂದು ಯುಪಿಐ ಪೂರ್ತಿ ನಿರಾತಂಕವಲ್ಲ. ಅದರಲ್ಲಿ ಎರಡು ಅಪಾಯಗಳಿವೆ. ಮೊದಲನೆಯದು ಎಲ್ಲರಿಗೂ ಗೊತ್ತಿರುವ ನಕಲಿ ಸ್ಕ್ರೀನ್‌ಶಾಟ್. “ರೊಕ್ಕ ಹಾಕೀನ್ರಿ, ಸ್ಕ್ರೀನ್‌ಶಾಟ್ ನೋಡ್ರಿ, ಇವತ್ತೇ ಮಾಲ್ ಕಳಿಸಿಬಿಡ್ರಿ” ಎಂದು ಸಂಜೆ ಕೊರಿಯರ್ ಹುಡುಗ ಹೊರಡುವ ಹೊತ್ತಿಗೆ ಸರಿಯಾಗಿ ಸಂದೇಶ ಬರುತ್ತದೆ. ಚಿತ್ರದಲ್ಲಿ ಮೊತ್ತ, ದಿನಾಂಕ, ಹಸಿರು ಗುರುತು ಎಲ್ಲವೂ ಇರುತ್ತದೆ, ಖಾತೆಯಲ್ಲಿ ಮಾತ್ರ ಹಣ ಇರುವುದಿಲ್ಲ. ಚಿತ್ರವನ್ನು ಎಷ್ಟು ಹೊತ್ತು ನೋಡಿದರೂ ನಿಜಸುಳ್ಳು ತಿಳಿಯುವುದಿಲ್ಲವಾದ್ದರಿಂದ ಅದನ್ನು ಪರೀಕ್ಷಿಸಲು ಕೂರುವುದೇ ವ್ಯರ್ಥ. ಬ್ಯಾಂಕ್ ಆ್ಯಪ್ ಅಥವಾ ಗೇಟ್‌ವೇಯ ವ್ಯಾಪಾರಿ ಪುಟವನ್ನು ತೆರೆದು, ಹಣ ಜಮೆಯಾದ ದಾಖಲೆ ಕಂಡ ಮೇಲೆಯೇ ಪೆಟ್ಟಿಗೆ ಕೈಬಿಡಬೇಕು.

ಎರಡನೆಯದು ಇದಕ್ಕಿಂತ ಗಂಭೀರವಾದದ್ದು. ಎಲ್ಲೋ ಯಾರಿಗೋ ಮೋಸ ಮಾಡಿ ಪಡೆದ ಹಣದಿಂದ ವಂಚಕರು ನಿಮ್ಮಲ್ಲಿ ಸಾಮಾನು ಕೊಳ್ಳುತ್ತಾರೆ. ಮೋಸ ಹೋದವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಟ್ಟಾಗ ಹಣ ಹರಿದ ಜಾಡನ್ನು ಹಿಡಿದು ಖಾತೆಯಿಂದ ಖಾತೆಗೆ ತಡೆ ಬೀಳುತ್ತದೆ. ಆ ಜಾಡಿನಲ್ಲಿ ನಿಮ್ಮ ಖಾತೆಯೂ ಸಿಕ್ಕಿಕೊಂಡರೆ ಮೊತ್ತದ ಮೇಲೆ, ಕೆಲವೊಮ್ಮೆ ಇಡೀ ಖಾತೆಯ ಮೇಲೆಯೇ, ಬ್ಯಾಂಕು ತಡೆ ಹಾಕುತ್ತದೆ. ದೂರು ದಾಖಲಾದದ್ದು ಬೇರೆ ರಾಜ್ಯದ ಠಾಣೆಯಲ್ಲಾದರೆ ಅದನ್ನು ತೆಗೆಸುವುದು ಸುಲಭದ ಕೆಲಸವಲ್ಲ. ಇದನ್ನು ಸಂಪೂರ್ಣ ತಪ್ಪಿಸುವ ಉಪಾಯ ಅಂಗಡಿಯವರ ಕೈಯಲ್ಲಿಲ್ಲ. ಆದರೆ ಪೆಟ್ಟನ್ನು ಸಣ್ಣದು ಮಾಡಿಕೊಳ್ಳಬಹುದು. ಮನೆ ಖರ್ಚಿನ, ಮಕ್ಕಳ ಶುಲ್ಕದ, ಬೆಳೆ ಸಾಲದ ಹಣ ಇರುವ ಉಳಿತಾಯ ಖಾತೆಗೆ ಅಂಗಡಿಯ ಕ್ಯೂಆರ್ ಜೋಡಿಸಬೇಡಿ. ವ್ಯಾಪಾರಕ್ಕೆಂದೇ ಪ್ರತ್ಯೇಕ ಚಾಲ್ತಿ ಖಾತೆ ಇರಲಿ. ಸ್ವಂತ ನಂಬರಿನ ಕ್ಯೂಆರ್‌ಗಿಂತ ಗೇಟ್‌ವೇ ಮೂಲಕ ಬರುವ ಯುಪಿಐ ಮೇಲು ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ಅಲ್ಲಿ ಪ್ರತಿ ಪಾವತಿಗೂ ಆರ್ಡರ್ ಸಂಖ್ಯೆ, ಗ್ರಾಹಕರ ಮೊಬೈಲ್, ಬಿಲ್ಲು ತಾನಾಗಿ ಜೋಡಣೆಯಾಗಿರುತ್ತದೆ. ತನಿಖಾಧಿಕಾರಿಗೆ ‘ಇದು ಮಾಲು ಮಾರಿ ಬಂದ ಹಣ’ ಎಂದು ತೋರಿಸಲು ಆ ಜೋಡಣೆಯೇ ಆಧಾರ.

ಕ್ಯಾಶ್ ಆನ್ ಡೆಲಿವರಿ

ಇಲ್ಲಿ ಕಾರ್ಡ್ ಇಲ್ಲ, ಚಾರ್ಜ್‌ಬ್ಯಾಕ್ ಇಲ್ಲ, ಆದ್ದರಿಂದ ಇದೇ ಸುರಕ್ಷಿತ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಗಿರಾಕಿ ಬಾಗಿಲಲ್ಲಿ ಬೇಡವೆಂದರೆ ಹೋಗುವ ಮತ್ತು ಬರುವ ಎರಡೂ ಕಡೆಯ ಸಾಗಣೆ ವೆಚ್ಚ ಅಂಗಡಿಯದ್ದು. ಬೇಳೆಯಂಥ ಭಾರದ ಮಾಲಿನಲ್ಲಿ ಅದು ಲಾಭವನ್ನಷ್ಟೇ ಅಲ್ಲ, ಅಸಲನ್ನೂ ಮುಟ್ಟುತ್ತದೆ. ಹಿಂದಿರುಗಿದ ಖಡಕ್ ರೊಟ್ಟಿಯ ಪೆಟ್ಟಿಗೆಯಲ್ಲಿ ಮಾರಲು ಏನೂ ಉಳಿದಿರುವುದಿಲ್ಲ. ಮೊದಲ ಸಲ ಕೊಳ್ಳುವವರಿಗೆ ನಂಬಿಕೆ ಬರಲೆಂದು ಈ ಸೌಲಭ್ಯ ಕೊಡಲೇಬೇಕಾದರೆ, ಸಾಗಣೆ ವೆಚ್ಚದಷ್ಟನ್ನಾದರೂ ಯುಪಿಐಯಲ್ಲಿ ಮುಂಗಡ ಪಡೆದು ಉಳಿದದ್ದನ್ನು ಬಾಗಿಲಲ್ಲಿ ಪಡೆಯುವ ಪದ್ಧತಿ ಒಳ್ಳೆಯದು. ನೂರು ರೂಪಾಯಿ ಮುಂಗಡ ಕೊಟ್ಟವರು ಪಾರ್ಸೆಲ್ ನಿರಾಕರಿಸುವ ಮುನ್ನ ಎರಡು ಸಲ ಯೋಚಿಸುತ್ತಾರೆ. ಬಿದರಿಗೆ ಮಾತ್ರ ಈ ವಿಧಾನ ಬೇಡ.

ವಿದೇಶಿ ಕಾರ್ಡ್‌ಗಳು: ನಿಜವಾದ ಅಪಾಯ ಇರುವುದು ಇಲ್ಲಿ

ಬಿದರಿ ಮಾರುವವರಿಗೆ ಅಮೆರಿಕ, ಬ್ರಿಟನ್, ಕೊಲ್ಲಿ ದೇಶಗಳ ಗ್ರಾಹಕರನ್ನು ಬಿಡಲು ಮನಸ್ಸಾಗುವುದಿಲ್ಲ, ಬಿಡಲೂಬಾರದು. ಆದರೆ ರಿಸರ್ವ್ ಬ್ಯಾಂಕಿನ ಒಟಿಪಿ ಆದೇಶ ಹೊರದೇಶದ ಬ್ಯಾಂಕಿನ ಕಾರ್ಡ್‌ಗೆ ಅನ್ವಯಿಸುವುದಿಲ್ಲ. ಅಲ್ಲಿನ ಅನೇಕ ಕಾರ್ಡ್‌ಗಳಲ್ಲಿ ಸಂಖ್ಯೆ, ಅವಧಿ ಮತ್ತು ಸಿವಿವಿ ಇದ್ದರೆ ಹಣ ಹೋಗಿಬಿಡುತ್ತದೆ. ದೃಢೀಕರಣವಿಲ್ಲದೆ ಬಂದ ಪಾವತಿಯಲ್ಲಿ ಕಾರ್ಡ್ ಕಳುವಾದ ದೂರು ಬಂದರೆ ನಷ್ಟ ಪೂರ್ತಿ ಅಂಗಡಿಯದ್ದು. ನಿಮ್ಮ ಮುಂದಿರುವ ದಾರಿಗಳು ನಾಲ್ಕು.

ಗೇಟ್‌ವೇಯಲ್ಲಿ ವಿದೇಶಿ ಕಾರ್ಡ್ ಸೌಲಭ್ಯವನ್ನು ಪ್ರತ್ಯೇಕವಾಗಿ ಕೇಳಿ ಪಡೆಯಬೇಕಾಗುತ್ತದೆ. ಕೇಳುವಾಗಲೇ 3ಡಿ ಸೆಕ್ಯೂರ್ ದೃಢೀಕರಣ ಆಗದ ಪಾವತಿಯನ್ನು ತಿರಸ್ಕರಿಸುವ ವ್ಯವಸ್ಥೆ ಇದೆಯೇ ಎಂದು ಲಿಖಿತವಾಗಿ ವಿಚಾರಿಸಿ. ಇದೆ ಎಂದಾದರೆ ಅದನ್ನು ಚಾಲೂ ಮಾಡಿಸಿಕೊಳ್ಳಿ. ಕೆಲವು ಒಳ್ಳೆಯ ಗ್ರಾಹಕರ ಪಾವತಿಯೂ ಇದರಿಂದ ವಿಫಲವಾಗುತ್ತದೆ ನಿಜ, ಆದರೆ ಸಣ್ಣ ಅಂಗಡಿಗೆ ಆ ಬೆಲೆ ತೆರುವುದು ಲೇಸು. ಆ ವ್ಯವಸ್ಥೆ ಇಲ್ಲದ ಗೇಟ್‌ವೇ ಶೇಕಡಾ ಅರ್ಧ ಕಡಿಮೆ ಶುಲ್ಕ ಹೇಳಿದರೂ ಬಿದರಿಗೆ ಅದನ್ನು ಆರಿಸಬಾರದು. ಅಮೆರಿಕ, ಕೆನಡಾ, ಬ್ರಿಟನ್ ಕಾರ್ಡ್‌ಗಳಿಗೆ ವಿಳಾಸ ತಾಳೆ ನೋಡುವ ಎವಿಎಸ್ ಪರೀಕ್ಷೆ ಕೆಲಸ ಮಾಡುತ್ತದೆ, ಅದಿದ್ದರೆ ಇನ್ನೂ ಒಳ್ಳೆಯದು.

ಆನ್‌ಲೈನ್ ಪಾವತಿ ಸೇವೆಯಾದ ಪೇಪಾಲ್ ಭಾರತದೊಳಗಿನ ಪಾವತಿಗಳನ್ನು 2021ರ ಏಪ್ರಿಲ್ 1ರಿಂದ ನಿಲ್ಲಿಸಿದ್ದರೂ ವಿದೇಶದಿಂದ ಬರುವ ಹಣಕ್ಕೆ ಲಭ್ಯವಿದೆ. ಶುಲ್ಕ ಗೇಟ್‌ವೇಗಿಂತ ಹೆಚ್ಚು. ಅದರ ಮಾರಾಟಗಾರರ ರಕ್ಷಣೆ ಅನಧಿಕೃತ ಪಾವತಿ ಮತ್ತು ಮಾಲು ತಲುಪಿಲ್ಲ ಎಂಬ ದೂರುಗಳಿಗೆ ಅನ್ವಯಿಸುತ್ತದೆ, ಆದರೆ ವ್ಯವಹಾರದ ವಿವರದಲ್ಲಿರುವ ವಿಳಾಸಕ್ಕೇ ಕಳಿಸಿರಬೇಕು, ರವಾನೆಯ ಪುರಾವೆ, ಮಾಲು ತಲುಪಿಲ್ಲ ಎಂಬ ದೂರಿಗಾದರೆ ಬಟವಾಡೆಯ ಪುರಾವೆ ಇರಬೇಕು. ‘ಆ ವಿಳಾಸ ಬೇಡ, ನನ್ನ ತಂಗಿಯ ಮನೆಗೆ ಕಳಿಸಿ’ ಎಂಬ ಸಂದೇಶಕ್ಕೆ ಒಪ್ಪಿಕೊಂಡಿರೋ ರಕ್ಷಣೆ ಹೋಯಿತು. ಸಾಮಾನು ವಿವರಣೆಗೆ ಹೊಂದುವುದಿಲ್ಲ ಎಂಬ ದೂರಿಗೆ ಈ ರಕ್ಷಣೆ ಇಲ್ಲ. ಅಲ್ಲಿ ತಕರಾರಿಗೆ 180 ದಿನ ಅವಕಾಶವಿದೆ ಎಂಬುದೂ ನೆನಪಿರಲಿ.

ದೇಶದೇಶಗಳ ಬ್ಯಾಂಕುಗಳನ್ನು ಜೋಡಿಸುವ ಸ್ವಿಫ್ಟ್ ಜಾಲದ ಮೂಲಕ ಬ್ಯಾಂಕಿನಿಂದ ಬ್ಯಾಂಕಿಗೆ ಬರುವ ಹಣಕ್ಕೆ ಕಾರ್ಡ್ ಚಾರ್ಜ್‌ಬ್ಯಾಕ್ ಅನ್ವಯಿಸುವುದಿಲ್ಲ. ಸಣ್ಣ ಆರ್ಡರ್‌ಗೆ ಅದರ ಖರ್ಚು ಹೊರೆಯಾದರೂ ಮದುವೆ ಉಡುಗೊರೆಗೆಂದು ಇಪ್ಪತ್ತು ಮೂವತ್ತು ಪೆಟ್ಟಿಗೆ ಒಟ್ಟಿಗೆ ಕೇಳುವವರಿಗೆ ಇದನ್ನೇ ಸೂಚಿಸಿ. ನಾಲ್ಕನೆಯದು ದೊಡ್ಡ ಮಾರುಕಟ್ಟೆ ತಾಣಗಳಲ್ಲಿ ಮಾರುವುದು. ಪಾವತಿಯ ತಪಾಸಣೆ ಅವರದ್ದೇ ಆದರೂ ಕಮಿಷನ್ ಹೆಚ್ಚು, ಗ್ರಾಹಕರ ಪರಿಚಯವೂ ನಿಮ್ಮದಾಗುವುದಿಲ್ಲ.

ಯಾವ ದಾರಿ ಹಿಡಿದರೂ ಮೋಸದ ಆರ್ಡರ್‌ನ ಲಕ್ಷಣಗಳನ್ನು ಓದಲು ಕಲಿಯಬೇಕು. ಒಂದು ಕಾಲ್ಪನಿಕ ಆರ್ಡರ್ ನೋಡೋಣ: ರಾತ್ರಿ ಎರಡು ಗಂಟೆಗೆ ಒಂದೇ ಬಗೆಯ ನಾಲ್ಕು ಸುರಾಹಿಗಳು, ಮೊತ್ತ ₹46,000, ಮೊದಲ ಎರಡು ಕಾರ್ಡ್ ವಿಫಲ, ಮೂರನೆಯದು ಯಶಸ್ವಿ, ಕಾರ್ಡ್ ಒಂದು ದೇಶದ್ದು, ಕಳಿಸಬೇಕಾದ ವಿಳಾಸ ಇನ್ನೊಂದು ದೇಶದ ಸರಕು ಸಾಗಣೆ ಗೋದಾಮು, ಬೆಳಿಗ್ಗೆಯೇ ‘ಎಷ್ಟಾದರೂ ಆಗಲಿ, ತುರ್ತಾಗಿ ಕಳಿಸಿ’ ಎಂಬ ಮಿಂಚಂಚೆ. ಬಿದರಿಯ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ನಿಜವಾಗಿ ಬಿದರಿ ಕೊಳ್ಳುವವರು ಕುಸುರಿಯ ವಿನ್ಯಾಸ ಕೇಳುತ್ತಾರೆ, ಬೆಳ್ಳಿ ತಂತಿಯೋ ತಗಡೋ ಎಂದು ಕೇಳುತ್ತಾರೆ, ಕಪ್ಪು ಬಣ್ಣ ಮಾಸುತ್ತದೆಯೇ ಎಂದು ಕೇಳುತ್ತಾರೆ, ಸ್ವಲ್ಪ ಚೌಕಾಸಿಯನ್ನೂ ಮಾಡುತ್ತಾರೆ. ಇಂಥ ಆರ್ಡರ್ ಬಂದಾಗ ಹಣವನ್ನು ‘ಆಥರೈಸ್’ ಹಂತದಲ್ಲಿಯೇ (ಕಾರ್ಡಿನಲ್ಲಿ ಕಾದಿರಿಸಿ) ನಿಲ್ಲಿಸಿ, ಪರಿಶೀಲಿಸಿದ ನಂತರ ‘ಕ್ಯಾಪ್ಚರ್’ ಮಾಡುವ (ನಿಜವಾಗಿ ಪಡೆದುಕೊಳ್ಳುವ) ಸೌಲಭ್ಯ ಅನೇಕ ಗೇಟ್‌ವೇಗಳಲ್ಲಿದೆ. ಬಿದರಿ ಅಂಗಡಿಗೆ ಅದನ್ನು ನಾನು ಕಡ್ಡಾಯ ಎನ್ನುತ್ತೇನೆ. ವಿಡಿಯೊ ಕರೆಗೆ ಬನ್ನಿ, ಸಾಮಾನು ತೋರಿಸುತ್ತೇವೆ ಎಂದರೆ ಪ್ರಾಮಾಣಿಕ ಗ್ರಾಹಕರು ಸಂತೋಷದಿಂದ ಬರುತ್ತಾರೆ, ವಂಚಕರು ಮೌನವಾಗುತ್ತಾರೆ.

ಇನ್ನೊಂದು ಹಳೆಯ ತಂತ್ರವಿದೆ. ಬೇಕೆಂದೇ ಹೆಚ್ಚು ಹಣ ಕಟ್ಟಿ, ಉಳಿದದ್ದನ್ನು ಬೇರೊಂದು ಖಾತೆಗೆ ಹಾಕಿ ಎನ್ನುತ್ತಾರೆ. ಹಣ ಬಂದ ದಾರಿಯಲ್ಲಿಯೇ ಹಿಂದಕ್ಕೆ ಹೋಗಬೇಕು, ಗೇಟ್‌ವೇಯ ರೀಫಂಡ್ ಗುಂಡಿಯನ್ನು ಬಿಟ್ಟು ಬೇರೆ ದಾರಿಯೇ ಇರಬಾರದು.

ಸುಂಕದ ವಿಷಯವೂ ಈಗ ತಕರಾರಿಗೆ ಕಾರಣವಾಗುತ್ತಿದೆ. 800 ಡಾಲರ್‌ವರೆಗಿನ ಸಾಮಾನಿಗೆ ಇದ್ದ ಆಮದು ಸುಂಕದ ವಿನಾಯಿತಿಯನ್ನು ಅಮೆರಿಕ 2025ರ ಆಗಸ್ಟ್ 29ರಿಂದ ನಿಲ್ಲಿಸಿದೆ. ಸುಂಕ ಯಾರು ಕಟ್ಟಬೇಕು ಎಂಬುದನ್ನು ಆರ್ಡರ್ ಪುಟದಲ್ಲಿ ಸ್ಪಷ್ಟವಾಗಿ ಬರೆದಿರದಿದ್ದರೆ, ಸುಂಕ ಕಟ್ಟಲೊಪ್ಪದ ಗ್ರಾಹಕರು ಪಾರ್ಸೆಲ್ ನಿರಾಕರಿಸಿ ಬ್ಯಾಂಕಿಗೆ ಹೋಗುತ್ತಾರೆ.

ಪುರಾವೆಯ ಕಡತ

ತಕರಾರಿನ ಪತ್ರ ಬಂದಾಗ ಗೇಟ್‌ವೇ ಉತ್ತರಕ್ಕೆ ಕೊಡುವುದು ಕೆಲವೇ ದಿನ. ಆಗ ಪುರಾವೆ ಹುಡುಕಲು ಹೊರಟರೆ ಸಿಗುವುದಿಲ್ಲ. ಕಳಿಸುವ ದಿನವೇ ಆರ್ಡರ್ ಸಂಖ್ಯೆಯ ಹೆಸರಿನಲ್ಲಿ ಫೋನಿನಲ್ಲೊಂದು ಫೋಲ್ಡರ್ ಮಾಡಿ. ಹೂದಾನಿಯನ್ನು ತಕ್ಕಡಿಯ ಮೇಲಿಟ್ಟು ತೂಕ ಕಾಣುವಂತೆ ಒಂದು ಫೋಟೊ, ಕುಸುರಿ ಕಾಣುವಂತೆ ನಾಲ್ಕೂ ಕಡೆಯಿಂದ ಫೋಟೊ, ಪೆಟ್ಟಿಗೆಗೆ ಹಾಕಿ ಟೇಪ್ ಸುತ್ತಿ ವಿಳಾಸದ ಚೀಟಿ ಅಂಟಿಸುವವರೆಗೆ ನಿಲ್ಲಿಸದೆ ತೆಗೆದ ಒಂದು ವಿಡಿಯೊ, ಬಿಲ್ಲು, ಅಂಚೆ ರಸೀದಿ, ಗ್ರಾಹಕರೊಂದಿಗಿನ ಸಂದೇಶಗಳು. ಬೇಳೆಯಾದರೆ ಪ್ಯಾಕ್ ಮಾಡಿದ ದಿನಾಂಕ ಮತ್ತು ತೂಕದ ಚೀಟಿ. ದೇಶದೊಳಗೆ ಕಳಿಸುವವರಿಗೆ 2025ರ ಅಕ್ಟೋಬರ್ 1ರಿಂದ ಸ್ಪೀಡ್ ಪೋಸ್ಟ್‌ನಲ್ಲಿ ಪ್ರತಿ ಪಾರ್ಸೆಲ್‌ಗೆ ₹5 ಮತ್ತು ಜಿಎಸ್‌ಟಿ ಹೆಚ್ಚುವರಿ ಕೊಟ್ಟರೆ ಒಟಿಪಿ ಪಡೆದು ಬಟವಾಡೆ ಮಾಡುವ ಸೌಲಭ್ಯ ಬಂದಿದೆ. ‘ಮಾಲು ಮುಟ್ಟಿಲ್ಲ’ ಎಂಬ ದೂರಿಗೆ ಇಷ್ಟು ಅಗ್ಗದ ಉತ್ತರ ಇನ್ನೊಂದಿಲ್ಲ.

ವಿವರಣೆಯೂ ಪುರಾವೆಯೇ. ಕೈಕೆಲಸವಾದ್ದರಿಂದ ಎರಡು ಸಾಮಾನು ಒಂದೇ ಥರ ಇರುವುದಿಲ್ಲ, ಸತು ಮತ್ತು ತಾಮ್ರದ ಮಿಶ್ರಲೋಹವಾದ್ದರಿಂದ ಬಲವಾಗಿ ಬಿದ್ದರೆ ಸೀಳಬಹುದು, ಹುಳಿ ತಾಗಿದರೆ ಕಪ್ಪು ಮಾಸುತ್ತದೆ ಎಂದು ಕೊಳ್ಳುವ ಮುನ್ನವೇ ಬರೆದಿಡಿ. ಇನ್ನೊಂದು ಸಣ್ಣ ಸಂಗತಿ ನಮ್ಮ ಕಡೆ ಬಹಳ ಕಾಡುತ್ತದೆ: ಅಂಗಡಿಯ ಹೆಸರು ಒಂದಿದ್ದು ಗೇಟ್‌ವೇ ಖಾತೆ ಮಾಲೀಕರ ಅಥವಾ ಅವರ ತಂದೆಯ ಹೆಸರಿನಲ್ಲಿರುತ್ತದೆ. ಕಾರ್ಡ್ ಸ್ಟೇಟ್‌ಮೆಂಟಿನಲ್ಲಿ ಪರಿಚಯವಿಲ್ಲದ ಹೆಸರು ಕಂಡ ಗ್ರಾಹಕರು ಮೋಸವಾಗಿದೆ ಎಂದೇ ತಿಳಿಯುತ್ತಾರೆ. ಸ್ಟೇಟ್‌ಮೆಂಟಿನಲ್ಲಿ ಅಂಗಡಿಯ ಹೆಸರೇ ಬರುವಂತೆ ಗೇಟ್‌ವೇಯವರಿಗೆ ಹೇಳಿ ಬದಲಿಸಿಕೊಳ್ಳಿ.

ಯಾರಿಗೆ ಯಾವುದು, ಮತ್ತು ತಕರಾರು ಬಂದ ಮೇಲೆ

ರೊಟ್ಟಿ, ಹಿಂಡಿ ಮಾರುವ ಮನೆ ಉದ್ಯಮಕ್ಕೆ ಗೇಟ್‌ವೇಯ ಲಿಂಕ್ ಮೂಲಕ ಯುಪಿಐ ಒಂದೇ ಸಾಕು, ಕಾರ್ಡ್ ಸೌಲಭ್ಯಕ್ಕಾಗಿ ಅವಸರ ಬೇಡ. ಬೇಳೆ ಅಂಗಡಿಗೆ ಯುಪಿಐ, ದೇಶದೊಳಗಿನ ಕಾರ್ಡ್ ಮತ್ತು ಮುಂಗಡದೊಂದಿಗೆ ಕ್ಯಾಶ್ ಆನ್ ಡೆಲಿವರಿ ಸರಿಹೋಗುತ್ತದೆ, ವಿದೇಶಿ ಕಾರ್ಡ್ ಮುಚ್ಚಿರಲಿ. ಬಿದರಿ ಅಂಗಡಿಗೆ ದೇಶದೊಳಗೆ ಯುಪಿಐ ಮತ್ತು ಕಾರ್ಡ್, ಹೊರದೇಶಕ್ಕೆ 3ಡಿ ಸೆಕ್ಯೂರ್ ಕಡ್ಡಾಯ ಮಾಡಿದ ಗೇಟ್‌ವೇ. ಅದು ಸಿಗುವವರೆಗೆ ಶುಲ್ಕ ಹೆಚ್ಚಾದರೂ ಪೇಪಾಲ್.

ಇಷ್ಟಾದರೂ ತಕರಾರು ಬರುತ್ತದೆ. ಬಂದ ಪತ್ರದಲ್ಲಿ ಕಾರಣದ ಸಂಕೇತ ನೋಡಿ. ವೀಸಾದ 10.4 ಎಂದಿದ್ದರೆ ಕಾರ್ಡ್ ದುರ್ಬಳಕೆಯ ದೂರು: 3ಡಿ ಸೆಕ್ಯೂರ್ ದಾಖಲೆ ಕಳಿಸಿ. 13.1 ಎಂದಿದ್ದರೆ ಮಾಲು ತಲುಪಿಲ್ಲವೆಂದು: ಬಟವಾಡೆಯ ಪುರಾವೆ ಕಳಿಸಿ. 13.3 ಎಂದಿದ್ದರೆ ಹೇಳಿದಂತಿಲ್ಲವೆಂದು: ವಿವರಣೆಯ ಪುಟ ಮತ್ತು ಪ್ಯಾಕಿಂಗ್ ವಿಡಿಯೊ ಕಳಿಸಿ. ಎಲ್ಲ ದೂರಿಗೂ ಎಲ್ಲ ಕಾಗದ ತುಂಬಿ ಕಳಿಸುವುದರಿಂದ ಪ್ರಯೋಜನವಿಲ್ಲ. ಗ್ರಾಹಕರ ದೂರು ನ್ಯಾಯವಾದದ್ದೇ ಆಗಿದ್ದರೆ ಹೋರಾಡದೆ ಒಪ್ಪಿಕೊಳ್ಳಿ. ಅವರು ಬ್ಯಾಂಕಿಗೆ ಹೋಗುವ ಮೊದಲೇ ನಿಮಗೆ ಫೋನ್ ಮಾಡಿದ್ದರೆ ಅಂದೇ ರೀಫಂಡ್ ಮಾಡಿ. ಆದರೆ ಚಾರ್ಜ್‌ಬ್ಯಾಕ್ ಒಮ್ಮೆ ದಾಖಲಾದ ಮೇಲೆ ಗೇಟ್‌ವೇಯನ್ನು ಕೇಳದೆ ಪ್ರತ್ಯೇಕವಾಗಿ ರೀಫಂಡ್ ಮಾಡಬೇಡಿ, ಒಂದೇ ಆರ್ಡರ್‌ಗೆ ಎರಡು ಸಲ ಹಣ ಹೋಗುತ್ತದೆ.